ತಂಗಿಯ ರಕ್ತದೊತ್ತಡ

ಹೋದ ವರ್ಷ ಮಿರಗದ ಮಳೆ ಹಿಡಿದ ದಿನಗಳಲ್ಲಿ ತಮ್ಮನ ಮಗಳ ಬಾಣಂತನಕ್ಕೆಂದು ಧಾರವಾಡದಿಂದ ಪುಣೆಗೆ ಹೋಗಿದ್ದೆ. ಆಸ್ಪತ್ರೆಯಿಂದ ಮರಳುವಾಗ ಮಳೆ ಜೋರಾಗಿ, ರಿಕ್ಷಾದವನು ಒಂದು ಹಳೆಯ ಕಲ್ಲುಕಟ್ಟಡದ ಕಮಾನಿನ ಕೆಳಗೆ ಗಾಡಿ ನಿಲ್ಲಿಸಿದ. ನಮಗಿಂತ ಮೊದಲೇ ಬೀದಿನಾಯಿಗಳು ಅಲ್ಲಿ ಆಸರೆ ಹಿಡಿದಿದ್ದವು. ಯಾರೋ ಆಗತಾನೆ ಫಿನೈಲ್ ಹಾಕಿ ನೆಲ ತೊಳೆದಿದ್ದರು. ಒದ್ದೆ ನಾಯಿಯ ಮೈವಾಸನೆಯೂ ಫಿನೈಲಿನ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿದದ್ದೇ ನಾನು ಕೂತಲ್ಲೇ ಬೆವತೆ. ರಿಕ್ಷಾದವನು ಹಿಂತಿರುಗಿ, "ಆಜೀ, ಕಾಯ್ ಝಾಲಂ?" ಎಂದ. ಏನೂ ಆಗಿಲ್ಲವೆಂದು ಕೈಯಾಡಿಸಿದೆ. ಆಗಿದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ, ಅವನು ಹುಟ್ಟುವುದಕ್ಕೂ ಎಷ್ಟೋ ಮೊದಲು.

ಆ ವರ್ಷ ನನ್ನ ಕೈಗೆ ಹೊಸದಾಗಿ ಬಿ.ಎಸ್ಸಿ. ಪದವಿ ಬಂದಿತ್ತು. ಅದು ಬಂದದ್ದು ಶೇಷಗಿರಿ ಕಾಕಾನಿಂದ. ಮೆಟ್ರಿಕ್ ಆದ ಕೂಡಲೇ ನನ್ನ ಮದುವೆ ಮಾಡಿ ಮುಗಿಸಬೇಕೆಂದಿದ್ದ ನಮ್ಮಪ್ಪನ ಮುಂದೆ, ಅವರ ತಮ್ಮನಾದ ಈ ಕಾಕಾ ಪುಣೆಯಿಂದ ಬಂದು ಕೂತರು. ಅಣ್ಣನ ಮುಂದೆ ಎಂದೂ ದನಿ ಎತ್ತದವರು ಕೂಗಾಡಿ, ಊಟ ಬಿಟ್ಟು, ಕೊನೆಗೆ ನನ್ನನ್ನು ರೈಲು ಹತ್ತಿಸಿಕೊಂಡೇ ಹೋದರು. ಅವರಿಗೂ ಅವರ ಹೆಂಡತಿ ಕಾಕೂಗೂ ಮಕ್ಕಳಿರಲಿಲ್ಲ. ಸದಾಶಿವ ಪೇಠದಲ್ಲಿ ಹತ್ತಾರು ಸಂಸಾರಗಳಿದ್ದ ಒಂದು ವಾಡೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಕಾಕಾ ದೇಹೂ ರೋಡಿನ ಫೌಜಿನ ಉಗ್ರಾಣದಲ್ಲಿ ಗುಮಾಸ್ತ. ದಿನಾ ಬೆಳಿಗ್ಗೆ ರೈಲಿಗೆ ಹೋಗಿ, ಬೂಟು ಕಂಬಳಿಗಳ ನಡುವೆ ದುಡಿದು, ಸಂಜೆ ದೊಡ್ಡ ದನಿಯಲ್ಲಿ ಸಾಹೇಬರ ಅಣಕು ಮಾಡುತ್ತ ಮೆಟ್ಟಿಲು ಹತ್ತುವರು. ಅವರು ಬಂದರೆ ವಾಡೆಗೆಲ್ಲ ಗೊತ್ತಾಗುತ್ತಿತ್ತು.

ನನಗೆ ಕೆಲಸ ಸಿಕ್ಕಿದ್ದು ಡಾಕ್ಟರ್ ಪೇಂಡಸೆಯವರ ಪ್ರಯೋಗಾಲಯದಲ್ಲಿ. ನದಿಯ ಆಚೆ, ವೈದ್ಯಕೀಯ ಶಾಲೆಯೊಂದರ ಹಿತ್ತಿಲಲ್ಲಿದ್ದ ಹೆಂಚಿನ ಮನೆ ಅದು. ಮುಂದಿನ ಕೋಣೆಯಲ್ಲಿ ಮೇಜು, ಪಾದರಸದ ಕೊಳವೆ, ಮಸಿ ಹಿಡಿಸಿದ ಕಾಗದ ಸುತ್ತಿದ ಉರುಳೆ, ಅದರ ಮೇಲೆ ಒತ್ತಡದ ಗೆರೆ ಎಳೆಯುವ ಸೂಜಿ. ಹಿಂದಿನ ಪಡಸಾಲೆಯಲ್ಲಿ, ದಿನಾ ಫಿನೈಲ್ ಹಾಕಿ ತೊಳೆಯುತ್ತಿದ್ದ ನಾಯಿಗಳ ಗೂಡು. ಪೇಂಡಸೆಯವರ ತಾಯಿ ರಕ್ತದೊತ್ತಡ ಏರಿ, ಲಕ್ವಾ ಹೊಡೆದು, ವರ್ಷಗಟ್ಟಲೆ ಹಾಸಿಗೆಯಲ್ಲಿದ್ದು ತೀರಿಕೊಂಡಿದ್ದರು. ಒತ್ತಡ ಯಾಕೆ ಏರುತ್ತದೆ ಎಂದು ಆಗ ಯಾರೂ ಖಚಿತವಾಗಿ ಹೇಳುತ್ತಿರಲಿಲ್ಲ. ನರಗಳಿಂದ ಎನ್ನುವವರಿದ್ದರು, ಚಿಂತೆಯಿಂದ ಎನ್ನುವವರಿದ್ದರು. ಪೇಂಡಸೆಯವರ ಸಂಶಯ ಮೂತ್ರಪಿಂಡದ ಮೇಲಿತ್ತು. ಅದಕ್ಕೆ ಹೋಗುವ ರಕ್ತ ಕಡಿಮೆಯಾದರೆ ಅದು ಏನನ್ನೋ ಹೊರಗೆ ಬಿಡುತ್ತದೆ, ಆ ಏನೋ ಒಂದು ಇಡೀ ಮೈಯ ಒತ್ತಡವನ್ನು ಏರಿಸುತ್ತದೆ ಎಂದು ಅವರ ಊಹೆ. ಅದನ್ನು ತೋರಿಸಬೇಕಾದರೆ ನಾಯಿಗಳು ಬೇಕಾಗಿದ್ದವು.

ನಾಯಿಯ ಕುತ್ತಿಗೆಯ ಒಂದು ರಕ್ತನಾಳವನ್ನು ಚರ್ಮದ ಮಡಿಕೆಯೊಳಗೆ ಸೇರಿಸಿ ಹೊಲಿಯುತ್ತಿದ್ದರು. ಗಾಯ ಮಾಯ್ದ ಮೇಲೆ ಆ ಮಡಿಕೆಗೆ ಸಣ್ಣದೊಂದು ಗಾಳಿಪಟ್ಟಿ ಕಟ್ಟಿ, ಮನುಷ್ಯರ ತೋಳಿಗೆ ಕಟ್ಟಿ ನೋಡುವ ಹಾಗೆಯೇ ಒತ್ತಡ ಅಳೆಯಬಹುದು. ಆದರೆ ನಾಯಿ ಹೆದರಿದರೆ ಹೆದರಿಕೆಗೇ ಒತ್ತಡ ಏರಿ ಅಳತೆ ಸುಳ್ಳಾಗುತ್ತದೆ. ಆದ್ದರಿಂದ ನಾಯಿಗೆ ಯಾರ ಮೇಲಾದರೂ ಪೂರ್ತಿ ನಂಬಿಕೆ ಬರಬೇಕು. ಆ ನಂಬಿಕೆ ಹುಟ್ಟಿಸುವುದೇ ನನ್ನ ನೌಕರಿ.

ಮಳೆಗಾಲ ಶುರುವಾದಾಗ ಕ್ಯಾಂಪಿನ ಮಟನ್ ಅಂಗಡಿಗಳ ಬೀದಿಯಿಂದ ಒಂದು ಕಂದು ಹೆಣ್ಣುನಾಯಿಯನ್ನು ಹಿಡಿದು ತಂದರು. ಮರಾಠಿಯಲ್ಲಿ ಗದರಿದರೆ ಹಲ್ಲು ಕಿರಿಯುತ್ತಿತ್ತು, ಮರಾಠಿಯಲ್ಲೇ ರಮಿಸಿದರೂ ಕಿರಿಯುತ್ತಿತ್ತು. ಬೀದಿಯಲ್ಲಿ ಕಲ್ಲು ಬೀಳುವ ಮುಂಚೆ ಅದು ಕೇಳುತ್ತಿದ್ದ ಮಾತು ಅದೇ ಇರಬೇಕು. ನಾನು ಗೂಡಿನ ಮುಂದೆ ನೆಲದ ಮೇಲೆ ಕೂತು, ನಮ್ಮ ಕಡೆ ಸಣ್ಣ ಹುಡುಗಿಯರನ್ನು ಕರೆಯುವ ಹಾಗೆ, "ಬಾ ತಂಗಿ, ಹೆದರಬ್ಯಾಡ, ನಾ ನಿನಗ ಏನೂ ಮಾಡೂದಿಲ್ಲ" ಎಂದೆ. ಅದು ಹಲ್ಲು ಮುಚ್ಚಿ ಕಿವಿ ನಿಮಿರಿಸಿತು. ಈ ಸದ್ದು ಅದಕ್ಕೆ ಹೊಸದು. ಈ ಮಾತಿನ ಹಿಂದೆಯೇ ಎಂದೂ ಪೆಟ್ಟು ಬಿದ್ದಿರಲಿಲ್ಲ.

ಹಾಗೆ ಅದಕ್ಕೆ ತಂಗಿ ಎಂದೇ ಹೆಸರಾಯಿತು. ಪೇಂಡಸೆಯವರಿಗೆ ಸರಿಬರಲಿಲ್ಲ. "ಹೆಸರಿಡಬಾರದು ಕಮಲಾಬಾಯಿ, ಆಮೇಲೆ ಕಷ್ಟವಾಗುತ್ತದೆ" ಎಂದು ಮರಾಠಿಯಲ್ಲಿ ಹೇಳಿದರು. ಕೆಲವೇ ದಿನಗಳಲ್ಲಿ ಅವರೇ "ಇವತ್ತು ತಂಗಿಯದು ಎಷ್ಟು ಬಂತು?" ಎಂದು ಕೇಳತೊಡಗಿದರು.

ತಂಗಿಗೆ ನಾನೇ ಬೇಕು. ನಾನು ಹೋಗದಿದ್ದ ದಿನ ಅನ್ನ ಮುಟ್ಟುತ್ತಿರಲಿಲ್ಲ. ಯಾತ್ರೆಯ ಪಾಲಖಿ ಊರೊಳಗೆ ಬಂದ ದಿನ ರಸ್ತೆಗಳೆಲ್ಲ ಕಾಲ್ನಡಿಗೆಯ ವಾರಕರಿ ಭಕ್ತರಿಂದ ತುಂಬಿಹೋಗಿದ್ದವು. ಜನವೆಲ್ಲ ಒಂದು ಕಡೆ ನಡೆದರೆ ನಾನೊಬ್ಬಳು ಎದುರು ದಿಕ್ಕಿಗೆ, ಸೀರೆಯ ನೆರಿಗೆ ಎತ್ತಿ ಹಿಡಿದು, ಮೊಳಕಾಲತನಕ ಕೆಸರು ಮಾಡಿಕೊಂಡು, ಒಂದು ನಾಯಿಗೆ ಉಣಿಸಲು ಹೋದೆ. ಅದು ನನ್ನ ಒದ್ದೆ ಪಾದ ನೆಕ್ಕಿತು. ಗಾಳಿಪಟ್ಟಿ ಕಂಡರೆ ಓಡುತ್ತಿದ್ದದ್ದು ಶ್ರಾವಣದ ಹೊತ್ತಿಗೆ ತಾನೇ ಬಂದು ಚಾಪೆಯ ಮೇಲೆ ಮಲಗುವಂತಾಯಿತು. ಇಷ್ಟು ಒಳ್ಳೆಯ, ಇಷ್ಟು ಸ್ಥಿರವಾದ ಅಳತೆ ಹಿಂದೆ ಯಾವ ನಾಯಿಯಿಂದಲೂ ಬಂದಿಲ್ಲ ಎಂದರು ಪೇಂಡಸೆ. ನಾನು ಹಿಗ್ಗಿದೆ.

ಮೂತ್ರಪಿಂಡದ ರಕ್ತನಾಳವನ್ನು ಕಿರಿದು ಮಾಡಲು ಅದನ್ನು ಅದುಮಿ ಹಿಡಿಯುವ ಬೆಳ್ಳಿಯ ಪುಟ್ಟ ಕ್ಲಿಪ್ಪುಗಳು ಬೇಕಿದ್ದವು. ಯುದ್ಧದಿಂದಾಗಿ ವಿಲಾಯತಿಯಿಂದ ಏನೂ ಬರುತ್ತಿರಲಿಲ್ಲ. ರವಿವಾರ ಪೇಠದಲ್ಲಿ ಕಾಲುಂಗುರ ಮಾಡುವ ಒಬ್ಬ ಅಕ್ಕಸಾಲಿಗನ ಹತ್ತಿರ ಚಿತ್ರ ಬರೆದುಕೊಟ್ಟು ಮಾಡಿಸಿದೆವು. ಆತ ಅವುಗಳನ್ನು ಕೆಂಪು ಕಾಗದದಲ್ಲಿ ಸುತ್ತಿ ಕೊಡುತ್ತ, "ಯಾವ ದೇವರಿಗೆ ಹರಕೆ?" ಎಂದು ಕೇಳಿದ. ಪೇಂಡಸೆಯವರು ನಕ್ಕರು. ಅದೇ ವಾರ ತಂಗಿಗೆ ಮತ್ತು ಬರಿಸಿ, ಎರಡೂ ಮೂತ್ರಪಿಂಡಗಳ ನಾಳಕ್ಕೆ ಕ್ಲಿಪ್ಪು ತೊಡಿಸಿ, ಹೊಟ್ಟೆ ಹೊಲಿದರು. ಎಚ್ಚರವಾದಾಗ ನಾನು ಎದುರಿಗಿದ್ದೆ. ಕೆಲವು ದಿನಗಳಲ್ಲಿ ಅದರ ಒತ್ತಡ ಏರತೊಡಗಿತು, ಏರಿದ್ದು ಇಳಿಯಲಿಲ್ಲ.

ಕಾಕಾನ ಮೂಗಿನಿಂದ ರಕ್ತ ಸುರಿದದ್ದೂ ಆಗಲೇ. ಊಟಕ್ಕೆ ಕೂತಿದ್ದರು. ತಾಟಿನೊಳಗೆ ಟಪ್ಪನೆ ಕೆಂಪು ಬಿತ್ತು. ಕಾಕೂ ಚೀರಿದರು. ಕಾಕಾ ಬಹಳ ದಿನಗಳಿಂದ ತಲೆನೋವು ಎನ್ನುತ್ತಿದ್ದರು, ರೈಲಿನ ಓಡಾಟದ ದಣಿವೆಂದು ಬಿಟ್ಟಿದ್ದೆವು. ಮರುದಿನ ನಾನು ಒತ್ತಾಯ ಮಾಡಿ ಪೇಂಡಸೆಯವರ ಹತ್ತಿರ ಕರೆದೊಯ್ದೆ. ಅವರು ತೋಳಿಗೆ ಪಟ್ಟಿ ಕಟ್ಟಿ ನೋಡಿದರು, ಮತ್ತೊಮ್ಮೆ ನೋಡಿದರು, ನನ್ನ ಕಡೆ ತಿರುಗಲಿಲ್ಲ. "ಉಪ್ಪು ಬಿಡಿಸಿ ನೋಡೋಣ" ಎಂದರು. "ಅದರಿಂದ ಉಪಯೋಗವಿದೆ ಎನ್ನುವವರೂ ಇದ್ದಾರೆ, ಇಲ್ಲ ಎನ್ನುವವರೂ ಇದ್ದಾರೆ. ವಿಶ್ರಾಂತಿ ಬೇಕು. ಬೇರೆ ಔಷಧವಂತೂ ನನ್ನ ಹತ್ತಿರ ಇಲ್ಲ."

ಕಾಕಾ ಹೆದರಿದ್ದನ್ನು ತೋರಗೊಡಲಿಲ್ಲ. "ನಾನೂ ನಿನ್ನ ತಂಗೀನೂ ಒಂದ ಹಡಗದಾಗ ಕೂತೇವಿ ನೋಡು" ಎಂದರು ಮನೆಗೆ ಬಂದು. ಅಂದಿನಿಂದ ದಿನಾ ಸಂಜೆ ಚಪ್ಪಲಿ ಕಳಚುತ್ತಲೇ, "ಕಮಲೀ, ತಂಗೀದು ಎಷ್ಟ ಬಂತು ಇವತ್ತ?" ಎಂದು ಕೇಳುವರು. ತುಸು ಇಳಿದಿದೆ ಎಂದರೆ ಅವರ ಮುಖ ಅರಳುತ್ತಿತ್ತು. ಏರಿದೆ ಎಂದ ದಿನ ಬೇಗ ಮಲಗುತ್ತಿದ್ದರು. ಕಾಕೂ ಉಪ್ಪಿಲ್ಲದ ಸಾರು ಬಡಿಸಿ, ಅವರ ತಾಟನ್ನೇ ನೋಡುತ್ತ ನಿಂತಿರುತ್ತಿದ್ದರು.

ದಸರೆಯ ರಜೆಯಲ್ಲಿ ಒಂದು ಮಧ್ಯಾಹ್ನ ಕಾಕಾ ಪ್ರಯೋಗಾಲಯಕ್ಕೇ ಬಂದುಬಿಟ್ಟರು. ಕರಿ ಟೊಪ್ಪಿಗೆ, ಕೈಯಲ್ಲಿ ಛತ್ರಿ. ಗಂಡಸರನ್ನು ಕಂಡರೆ ತಂಗಿ ಮೂಲೆ ಸೇರುತ್ತಿತ್ತು. ಅವರನ್ನು ಕಂಡೂ ಹಿಂದೆ ಸರಿಯಿತು.

"ಯಾಕವಾ, ಹೆದರಬ್ಯಾಡ. ನಾ ನಿಮ್ಮ ಪೈಕಿನ ಇದ್ದೇನಿ" ಎಂದರು ಕಾಕಾ.

ತಂಗಿ ನಿಂತಿತು. ಬಾಲ ಒಮ್ಮೆ ಆಡಿತು. ಆಮೇಲೆ ಬಂದು ಅವರ ಧೋತರದ ಅಂಚು ಮೂಸಿ, ಕಾಲಬಳಿ ಕೂತುಬಿಟ್ಟಿತು. ಕಾಕಾನ ಖುಷಿ ಹೇಳತೀರದು. "ಅಲ್ಲಽ ಕಮಲೀ, ಇಡೀ ಪುಣೇದಾಗ ನಮ್ಮ ಮಾತ ತಿಳಿಯೂ ನಾಯಿ ಇದೊಂದ ಇರಬೇಕ ನೋಡು!"

"ಅಳದು ತೋರಸ್ತೇನಿ, ನೋಡ್ರಿ ಕಾಕಾ" ಎಂದು ನಾನು ಹೆಮ್ಮೆಯಿಂದ ಪಟ್ಟಿ ಎತ್ತಿಕೊಂಡೆ. ತಂಗಿ ಎದ್ದು ಹೋಗಿ ಚಾಪೆಯ ಮೇಲೆ ಮಲಗಿ ತಾನಾಗಿ ಕುತ್ತಿಗೆ ಚಾಚಿತು.

ಕಾಕಾನ ನಗು ನಿಂತಿತು. "ತಾನ ಕುತ್ತಿಗಿ ಕೊಡತದಲ್ಲ" ಎಂದರು.

"ರೂಢಿ ಆಗೇದ್ರಿ."

"ಯಾರು ಮಾಡಿಸಿದ್ರು ರೂಢಿ?"

ನಾನು ಗಾಳಿಪಟ್ಟಿ ಕಟ್ಟಿ ಅಳತೆ ಬರೆದುಕೊಂಡೆ. ಮನೆಗೆ ನಡೆದು ಬರುವಾಗ ಲಕಡಿ ಪೂಲಿನ ಮೇಲೆ ಅವರು ಉಸಿರಿಗಾಗಿ ನಿಂತರು. ಕೆಳಗೆ ಮುಠಾ ನದಿ ಇನ್ನೂ ಕೆಂಪಗಿತ್ತು. ಮುಂದೇನು ಮಾಡುತ್ತೀರಿ ಅದಕ್ಕೆ ಎಂದು ಕೇಳಿದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ತಂಗಿಗೆ ಮತ್ತು ಬರಿಸಿ, ಅದರ ಮೂತ್ರಪಿಂಡವನ್ನು ತೆಗೆದು, ಮತ್ತಿನಲ್ಲಿರುವ ಇನ್ನೊಂದು ನಾಯಿಯ ಕುತ್ತಿಗೆಯ ರಕ್ತನಾಳಕ್ಕೆ ಜೋಡಿಸುತ್ತಾರೆ. ಆ ನಾಯಿಯ ಒತ್ತಡವೂ ಏರಿದರೆ, ಮೂತ್ರಪಿಂಡವೇ ಏನನ್ನೋ ಬಿಡುತ್ತಿದೆ ಎಂದು ಸಾಬೀತಾಗುತ್ತದೆ. ತಂಗಿಯನ್ನು ಮತ್ತೆ ಎಬ್ಬಿಸುವುದಿಲ್ಲ.

"ನನ್ನ ಸಲವಾಗಿ ಮಾಡೂದಿದ್ರ ಬ್ಯಾಡವಾ" ಎಂದರು ಕಾಕಾ.

"ನಿಮ್ಮೊಬ್ಬರ ಸಲವಾಗಿ ಅಲ್ರಿ ಕಾಕಾ. ನಿಮ್ಮಂಥಾವರು ಎಷ್ಟೋ ಮಂದಿ ಇದ್ದಾರ."

"ಅವರನ್ನ ಯಾರರ ಕೇಳ್ಯಾರೇನು? ನನ್ನ ಕೇಳಿದ್ರ ನಾ ಬ್ಯಾಡ ಅಂತೇನಿ. ಮನಿಗೆ ಕರಕೊಂಡು ಬಾ. ವಾಡೇದ ಬಾಗಲದಾಗ ಬಿದ್ದಿರತದ. ನಿಮ್ಮ ಕಾಕೂಗ ನಾ ಹೇಳ್ತೇನಿ."

ಮರುದಿನ ನಾನು, ತಂಗಿಯ ಬದಲು ಬೇರೆ ನಾಯಿ ಆಗದೇ ಎಂದು ಪೇಂಡಸೆಯವರನ್ನು ಕೇಳಿದೆ. ಅವರು ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ತಂಗಿಯಷ್ಟು ಚೆನ್ನಾಗಿ ಅಳತೆ ಸಿಕ್ಕ ನಾಯಿ ಬೇರೆ ಇಲ್ಲ. ಅದನ್ನು ಬಿಟ್ಟರೆ ಇನ್ನೊಂದನ್ನು ಮೊದಲಿನಿಂದ ಪಳಗಿಸಬೇಕು. ಅದಕ್ಕೂ ನೀವು ಹೆಸರಿಡುತ್ತೀರಿ" ಎಂದರು. "ನೀವು ಬರದಿದ್ದರೆ ನಾವು ಬಾಯಿ ಕಟ್ಟಿ ಎಳೆದು ತರಬೇಕಾಗುತ್ತದೆ. ಅದು ಕಡೆಗಳಿಗೆಯಲ್ಲಿ ಹೆದರುತ್ತದೆ. ಹೆದರದ ಹಾಗೆ ನೋಡಿಕೊಳ್ಳುವುದಷ್ಟೇ ಈಗ ನಿಮ್ಮ ಕೈಯಲ್ಲಿದೆ."

ಅದು ನಿಜವೇ. ಆದರೆ ಇನ್ನೂ ಒಂದು ನಿಜವಿತ್ತು. ಉರುಳೆಯ ಮೇಲೆ ಆ ಸೂಜಿ ಏರುತ್ತದೋ ಇಲ್ಲವೋ ಎಂದು ನನಗೂ ನೋಡಬೇಕಾಗಿತ್ತು. ಅಷ್ಟು ತಿಂಗಳು ಅದಕ್ಕಾಗಿಯೇ ದುಡಿದಿದ್ದೆ. ಮನೆಗೆ ಒಯ್ಯುತ್ತೇನೆ, ಕೊಡಿ ಎಂಬ ಮಾತು ನನ್ನ ಬಾಯಿಂದ ಹೊರಡಲೇ ಇಲ್ಲ.

ಹೋದೆ. ದೀಪಾವಳಿ ಕಳೆದ ಮೇಲಿನ ಒಂದು ಬೆಳಿಗ್ಗೆ, ಥಂಡಿ ಬಿದ್ದಿತ್ತು. "ಬಾ ತಂಗಿ" ಎಂದೆ, ಬಂತು. ಮೇಜಿನ ಮೇಲೆ ಎತ್ತಿ ಮಲಗಿಸಿದೆ. ಗಾಳಿಪಟ್ಟಿ ಕಟ್ಟುತ್ತಾರೆಂದು ಕುತ್ತಿಗೆ ಚಾಚಿತು. ಈಥರಿನ ಬಟ್ಟೆ ಮೂಗಿನ ಹತ್ತಿರ ಬಂದಾಗ ಒಮ್ಮೆ ತಲೆ ಕೊಡವಿ ನನ್ನನ್ನು ನೋಡಿತು. ನಾನು ಮಾತಾಡುತ್ತಲೇ ಇದ್ದೆ. ಏನು ಮಾತಾಡಿದೆನೋ ನೆನಪಿಲ್ಲ. ಅದರ ಕಾಲು ಸಡಿಲವಾಗುವವರೆಗೆ ಮಾತಾಡಿದೆ.

ಆಮೇಲೆ ಮುಂದಿನ ಕೋಣೆಯಲ್ಲಿ ಉರುಳೆ ತಿರುಗಿತು. ಎರಡನೆಯ ನಾಯಿಯ ಕುತ್ತಿಗೆಗೆ ಜೋಡಿಸಿದ ಮೂತ್ರಪಿಂಡದೊಳಗೆ ರಕ್ತ ಹರಿಯಿತು. ಮಸಿಯ ಮೇಲೆ ಬಿಳಿ ಗೆರೆ ಎಳೆಯುತ್ತಿದ್ದ ಸೂಜಿ ತುಸು ಹೊತ್ತು ಮೊದಲಿನ ಮಟ್ಟದಲ್ಲೇ ನಡೆದು, ನಿಧಾನಕ್ಕೆ ಮೇಲೇರತೊಡಗಿತು. ಏರುತ್ತಲೇ ಹೋಯಿತು. ಪೇಂಡಸೆಯವರು ಚಿಕ್ಕವರ ಹಾಗೆ ಕೂಗಿದರು. ನಾನೂ ಚಪ್ಪಾಳೆ ತಟ್ಟಿದೆ. ಹೌದು, ತಟ್ಟಿದೆ. ಒಳಗಿನ ಮೇಜಿನ ಮೇಲೆ ತಂಗಿಯನ್ನು ಇನ್ನೂ ಬಟ್ಟೆಯಿಂದ ಮುಚ್ಚಿರಲಿಲ್ಲ.

ಸಂಜೆ ಕಾಕಾ ಜಗಲಿಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದರು. ಚಪ್ಪಲಿ ಕಳಚುವ ಸರದಿ ಅಂದು ನನ್ನದು. ನನ್ನ ಮುಖ ನೋಡಿದ್ದೇ ಅವರಿಗೆ ತಿಳಿಯಿತು.

"ಬಂತೇನು, ನೀವು ಅಂದದ್ದು?"

"ಬಂತ್ರಿ ಕಾಕಾ."

"ಛಲೋ ಆತು" ಎಂದು ಎದ್ದು ಒಳಗೆ ಹೋದರು.

ಬೈಯಲಿಲ್ಲ. ಎಂದಿನಂತೆ ರೈಲಿಗೆ ಹೋದರು, ಬಂದರು. ಆದರೆ ಸಾಹೇಬರ ಅಣಕು ನಿಂತುಹೋಯಿತು. ನಾನು ಪ್ರಯೋಗಾಲಯದಿಂದ ಒತ್ತಡ ಅಳೆಯುವ ಯಂತ್ರ ತಂದು, ತೋಳು ಕೊಡ್ರಿ ಎಂದರೆ, ನಗುತ್ತಲೇ ಕೈ ಹಿಂದಕ್ಕೆ ಎಳೆದುಕೊಂಡರು. "ಬ್ಯಾಡವಾ. ನೀ ಕಟ್ಟಿದ್ರ ನಂದು ಏರತದ." ಅಂದಿನಿಂದ ಅವರದು ಎಷ್ಟಿತ್ತೋ ಯಾರಿಗೂ ಗೊತ್ತಾಗಲಿಲ್ಲ.

ಸಂಕ್ರಾಂತಿಗೆ ಮುಂಚೆ ಹಡಗಿನ ಟಪಾಲು ಬಂತು. ಯುದ್ಧದಲ್ಲಿ ಎಲ್ಲೆಲ್ಲೋ ತಡೆದು ನಿಂತಿದ್ದ ವೈದ್ಯಕೀಯ ಪತ್ರಿಕೆಗಳ ಒಂದು ದೊಡ್ಡ ಕಟ್ಟು. ಪೇಂಡಸೆಯವರು ಬಿಚ್ಚಿ ಓದುತ್ತ ಕೂತರು. ಬಹಳ ಹೊತ್ತಿನ ಮೇಲೆ ನನ್ನನ್ನು ಕರೆದು ಒಂದು ಪುಟ ತೋರಿಸಿದರು. ಸಮುದ್ರದಾಚೆಯವರು ಇದೇ ಪ್ರಯೋಗವನ್ನು ನಮಗಿಂತ ಎಷ್ಟೋ ಮೊದಲೇ ಮಾಡಿ ಮುಗಿಸಿದ್ದರು. ಮೂತ್ರಪಿಂಡ ಬಿಡುವ ಆ ವಸ್ತುವಿನ ಬೆನ್ನು ಹತ್ತಿ ಇನ್ನೂ ಮುಂದೆ ಹೋಗಿದ್ದರು.

"ನಮ್ಮದೂ ಹಾಗೆಯೇ ಬಂತಲ್ಲ" ಎಂದರು ಪೇಂಡಸೆ. "ಅಂದರೆ ನಾವು ಮಾಡಿದ್ದು ಸರಿಯಾಗಿತ್ತು." ಅವರ ದನಿ ಒಣಗಿತ್ತು. ಪುಟ ಮಡಿಸಿಟ್ಟು, ಅಂದು ಹೊತ್ತಿಗೆ ಮುಂಚೆಯೇ ಮನೆಗೆ ಹೋದರು. ಈ ಸುದ್ದಿಯನ್ನು ಕಾಕಾನಿಗೆ ಹೇಗೆ ಹೇಳಲಿ ಎಂದು ನಾನು ದಾರಿಯುದ್ದಕ್ಕೂ ಯೋಚಿಸಿದೆ. ಹೇಳಬೇಕಾಗಿ ಬರಲಿಲ್ಲ. ವಾಡೆಯ ಬಾಗಿಲಲ್ಲಿ ಫೌಜಿನ ಲಾರಿ ನಿಂತಿತ್ತು. ಕಾಕಾ ದೇಹೂ ರೋಡಿನಲ್ಲಿ ರೈಲಿಗೆ ಕಾಯುತ್ತ ನಿಂತಿದ್ದಾಗ ಲಕ್ವಾ ಹೊಡೆದು ಬಿದ್ದಿದ್ದರು. ಬಲಗಡೆ ಪೂರ್ತಿ ಹೋಗಿತ್ತು, ಮಾತೂ ಹೋಗಿತ್ತು. ಕಣ್ಣುಗಳು ಮಾತ್ರ ಆಡುತ್ತಿದ್ದವು. ಪೇಂಡಸೆಯವರು ಬಂದು ಕೂತು ಮಾಡಬಹುದಾದದ್ದನ್ನೆಲ್ಲ ಮಾಡಿದರು. ನಾನು ಹಗಲೆಲ್ಲ ಕಾಕಾನ ಕೈ ಹಿಡಿದು ಮಾತಾಡಿದೆ. ಈಗ ಕೈ ಎಳೆದುಕೊಳ್ಳುವ ಶಕ್ತಿ ಅವರಿಗಿರಲಿಲ್ಲ. ವಾರ ತುಂಬುವುದರೊಳಗೆ ಹೋದರು.

ದಿನಕರ್ಮಗಳು ಮುಗಿದ ಮೇಲೆ ಕಾಕೂ ಮನೆ ಖಾಲಿ ಮಾಡಿ ಧಾರವಾಡಕ್ಕೆ ಹೊರಡುವುದೆಂದಾಯಿತು. ಅಡಿಗೆಮನೆಯಲ್ಲಿ ಹಿತ್ತಾಳೆ ಪಾತ್ರೆ ಕಟ್ಟುತ್ತಿದ್ದವರು ಕೈ ನಿಲ್ಲಿಸಿ, "ಕಮಲೀ, ನೀ ಕಲತಾಕಿ. ಒಂದ ಮಾತು ಹೇಳು" ಎಂದರು. "ಅದು ಉಪ್ಪಿನಿಂದ ಆತೇನು?"

"ಯಾಕ್ರಿ ಕಾಕೂ?"

"ಡಾಕ್ಟರ್ ಬ್ಯಾಡಂದಿದ್ರು. ನಾ ಹಾಕತಿದ್ದೆ. ಅವರು ತಾಟಿನ ಮುಂದ ಸುಮ್ಮನ ಕೂಡತಿದ್ರು, ತುತ್ತು ಇಳೀತಿದ್ದಿಲ್ಲ. ನೋಡಲಿಕ್ಕೆ ಆಗಲಿಲ್ಲ ನನಗ. ರೊಟ್ಟಿ ಹಿಟ್ಟಿನ್ಯಾಗ, ಸಾರಿನ್ಯಾಗ, ಅವರಿಗೆ ತಿಳೀಧಾಂಗ. ಕಡೀತನಕಾ ಹಾಕಿದೆ. ನಾನ ಕೊಂದೆ ಏನ ಅವರನ್ನ?"

ಕಾಕೂ ಅಳುತ್ತಿರಲಿಲ್ಲ. ಉತ್ತರಕ್ಕೆ ಕಾಯುತ್ತಿದ್ದರು. ನಾನು ಅವರ ಮುಂದೆ ಕೂತೆ.

"ಇಲ್ರಿ ಕಾಕೂ. ಅವರ ಎರಡೂ ಮೂತ್ರಪಿಂಡ ಮೊದಲ ಕೆಟ್ಟಿದ್ದು. ಉಪ್ಪು ಹಾಕಿದ್ರೂ ಅಷ್ಟ, ಬಿಟ್ಟಿದ್ರೂ ಅಷ್ಟ."

"ಖರೇನ?"

"ಖರೇ. ನಾವು ನಾಯಿ ಮ್ಯಾಲೆ ಮಾಡಿ ನೋಡೇವಿ."

ಅಂಥದೇನನ್ನೂ ನಾವು ನೋಡಿರಲಿಲ್ಲ. ಉಪ್ಪಿನ ಪ್ರಯೋಗವನ್ನು ಯಾವ ನಾಯಿಯ ಮೇಲೂ ಮಾಡಿರಲಿಲ್ಲ. ಕಾಕಾನ ಮೂತ್ರಪಿಂಡ ಹೇಗಿತ್ತೋ ನನಗೇನು ಗೊತ್ತು? ಆದರೆ ಕಾಕೂ ನಂಬಿದರು. ದೀರ್ಘವಾಗಿ ಉಸಿರು ಬಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಮತ್ತೆ ಪಾತ್ರೆ ಕಟ್ಟಲು ಕೂತರು.

ನಾನು ಪ್ರಯೋಗಾಲಯ ಬಿಟ್ಟು ಅವರ ಹಿಂದೆಯೇ ಧಾರವಾಡಕ್ಕೆ ಬಂದು, ಹುಡುಗಿಯರ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸಲು ಸೇರಿದೆ. ಕಾಕೂ ನನ್ನ ಜೊತೆಗೇ ಇದ್ದರು. ವರ್ಷಗಳು ಹೋದವು. ಉಪ್ಪಿಗೂ ಒತ್ತಡಕ್ಕೂ ಸಂಬಂಧವಿದೆ ಎಂಬುದು ಅಷ್ಟರಲ್ಲಿ ಎಲ್ಲ ವೈದ್ಯರ ಬಾಯಲ್ಲೂ ಬಂದಿತ್ತು. ಆಗ ಕಾಕೂಗೇ ಒತ್ತಡ ಏರಿತು. ಡಾಕ್ಟರು ಮನೆಗೆ ಬಂದು ನೋಡಿ ಉಪ್ಪು ಕಡಿಮೆ ಮಾಡಬೇಕೆಂದರು. ಕಾಕೂ ಆತನನ್ನು ಕನಿಕರದಿಂದ ನೋಡಿ, "ಅದರಿಂದ ಏನೂ ಆಗೂದಿಲ್ರಿ. ನಮ್ಮ ಹುಡುಗಿ ಪುಣೇದಾಗ ನಾಯಿ ಮ್ಯಾಲೆ ಮಾಡಿ ನೋಡ್ಯಾಳ" ಎಂದರು. ಡಾಕ್ಟರು ನನ್ನ ಕಡೆ ತಿರುಗಿದರು.

ಅವರು ಹೋದ ಮೇಲೆ ಹೇಳಿದೆ. ಆಗ ನಮಗೆ ಗೊತ್ತಿರಲಿಲ್ಲ, ಗೊತ್ತಿಲ್ಲದೇ ಹೇಳಿದೆ ಎಂದೆ. ಕಾಕೂ ಡಾಕ್ಟರು ಕೊಟ್ಟ ಚೀಟಿಯನ್ನು ಮಡಿಸಿ ಮೊಣಕಾಲ ಮೇಲಿಟ್ಟುಕೊಂಡರು.

"ಹಂಗಾದ್ರ, ಅವರದೂ?"

"ಗೊತ್ತಿಲ್ರಿ ಕಾಕೂ."

ಅಂದು ರಾತ್ರಿಯಿಂದ ಅವರು ಉಪ್ಪು ಮುಟ್ಟಲಿಲ್ಲ. ಸ್ವಲ್ಪ ಹಾಕಿಕೊಳ್ಳಬಹುದು ಎಂದು ಡಾಕ್ಟರೇ ಹೇಳಿದರೂ ಮುಟ್ಟಲಿಲ್ಲ. ಸಪ್ಪೆ ಅನ್ನವನ್ನು ಒಂದು ಮಾತೂ ಆಡದೆ, ತಾಟಿನಿಂದ ಕಣ್ಣೆತ್ತದೆ ಉಂಡರು, ತೀರಿಕೊಳ್ಳುವವರೆಗೂ. ಒತ್ತಡ ಚೆನ್ನಾಗಿ ಇಳಿದಿತ್ತು. ಇಂಥ ಪಥ್ಯ ಮಾಡುವ ರೋಗಿಯನ್ನು ತಾನು ಕಂಡಿಲ್ಲವೆಂದು ಡಾಕ್ಟರು ಹೊಗಳಿದರು. ನನಗೆ ಅದನ್ನು ಪಥ್ಯ ಎನ್ನಲು ಬಾಯಿ ಬರಲಿಲ್ಲ.